ಭಯಮೂಲ ನಿಯಂತ್ರಣ ಮೀಮಾಂಸೆ: ತಿಪ್ಪಸಂದ್ರ ಹೋಬಳಿಯನ್ನು ಅನುಲಕ್ಷಿಸಿ

ನಿಯಂತ್ರಣೇಚ್ಛೆ ಭಯದ ಕೂಸು. ತಾಯಿ ಹೊಟ್ಟೆಯೊಳಗೇ ಉಳಿಯುತ್ತಾಳೆ. ಕೂಸು ಬೀಗದಕೈಯಾಗಿ ಉಡಿದಾರದಲ್ಲಿ ನೇತಾಡುತ್ತದೆ. ಈ ಭಯದಲ್ಲಿ ರಾಜಭಯ, ರೈತಭಯ ಎಂಬ ಎರಡು ಪ್ರಭೇದಗಳನ್ನು ಪೂರ್ವಾಚಾರ್ಯರು ಹೇಳಬಹುದಿತ್ತು. ಹೇಳದ್ದರಿಂದ ಇಲ್ಲಿ ಹೇಳಲಾಗಿದೆ.

ರಾಜಭಯಕ್ಕೆ ತಿಪ್ಪಸಂದ್ರ ಹೋಬಳಿಯಿರುವ ಮಾಗಡಿ ಸೀಮೆಯೇ ಸಾಕ್ಷಿ. ಹಿರಿಯ ಕೆಂಪೇಗೌಡರು ಸ್ವಂತ ನಾಣ್ಯ ಹೊಡೆಸಿದ್ದಕ್ಕೆ ಬೆಚ್ಚಿದ ವಿಜಯನಗರ ಅವರನ್ನು ಸೆರೆಯಲ್ಲಿಟ್ಟಿತೆಂದು ಐತಿಹ್ಯ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನಿಂದ ಬೆಂಗಳೂರು ಕೈತಪ್ಪಿದ ಮೇಲೆ ವಂಶ ಮಾಗಡಿಗೆ ಬಂತು. ಬಯಲನ್ನು ನಂಬಿ ಕೆಟ್ಟವರು 1226 ಮೀಟರ್ ಎತ್ತರದ ಸಾವನದುರ್ಗವನ್ನು ನಂಬಿದರು. 1728ರಲ್ಲಿ ಮೈಸೂರಿನವರು ದುರ್ಗವನ್ನು ಹಿಡಿದು ಕೊನೆಯ ಗೌಡರನ್ನು ಶ್ರೀರಂಗಪಟ್ಟಣದಲ್ಲಿ ಕೂಡಿಹಾಕಿದರು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಅದನ್ನು ಟಿಪ್ಪುವಿನಿಂದ ಕಿತ್ತುಕೊಂಡಿತು. ಇಷ್ಟು ಜನ ಹಿಡಿದರೂ ಬಂಡೆ ಕದಲಲಿಲ್ಲ, ಅದಕ್ಕೆ ಭಯವಿರಲಿಲ್ಲ.

ರೈತಭಯ ಹೆಚ್ಚು ಸೂಕ್ಷ್ಮ. ಅದರ ನೆಲೆ ಬೋರ್‌ವೆಲ್. ನೀರು ಬತ್ತೀತು, ಮೋಟಾರು ಸುಟ್ಟೀತು, ಪಕ್ಕದ ಹೊಲದವನು ಇನ್ನೂ ಆಳಕ್ಕೆ ಕೊರೆಸಿಯಾನು ಎಂದು ಅದು ಮೂರು ಬಗೆ. ಮೊದಲ ಹಂತದಲ್ಲಿ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಅಲ್ಲಿಂದ ಭಯ ಬೀಗದಕೈಗೆ ವರ್ಗವಾಗುತ್ತದೆ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದು ಹೋಗಿಬಿಟ್ಟರೆ ಎಂಬ ಅಂಜಿಕೆಯಿಂದ ಎರಡನೆಯ ಹಂತದಲ್ಲಿ ಆಟೋ ಸ್ಟಾರ್ಟರ್ ಹುಟ್ಟುತ್ತದೆ. ಶಾಸ್ತ್ರದ ತಿರುಳೇ ಇಲ್ಲಿದೆ: ಒಂದು ಟಿ.ಸಿ.ಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಸೇರಿದವರೆಲ್ಲ ಆಟೋ ಹಾಕಿಸಿದ್ದರೆ ಕರೆಂಟು ಬಂದ ಕ್ಷಣವೇ ಎಲ್ಲ ಮೋಟಾರುಗಳೂ ಒಟ್ಟಿಗೆ ಹೊರಡುತ್ತವೆ, ವೋಲ್ಟೇಜು ಕುಸಿಯುತ್ತದೆ. ಮೋಟಾರು ಸುಡುತ್ತದೆ, ಕೆಲವೊಮ್ಮೆ ಟಿ.ಸಿ.ಯೇ ಸುಡುತ್ತದೆ. ಆಮೇಲೆ ಎಲ್ಲರೂ ಸಮಾನವಾಗಿ ಕತ್ತಲಲ್ಲಿ ಕೂರುತ್ತಾರೆ. ಮೂರನೆಯದು ಮೊಬೈಲ್ ಸ್ಟಾರ್ಟರ್. ಮದುವೆಯೂಟದ ಪಂಕ್ತಿಯಲ್ಲಿ ಬಲಗೈ ಮುದ್ದೆ ಮುರಿಯುತ್ತಿರುವಾಗಲೇ ಎಡಗೈ ತೋಟಕ್ಕೆ ನೀರು ಹಾಯಿಸುತ್ತದೆ. ಭಯ ಈಗ ಸಿಮ್ಮಿನ ರೀಚಾರ್ಜಿನಲ್ಲಿ ವಾಸ.

ಸರ್ಕಾರಕ್ಕೂ ಅಂಜಿಕೆಯುಂಟು. ಅಂತರ್ಜಲದ ನಿಯಂತ್ರಣಕ್ಕೆ ಅದು 2011ರಲ್ಲಿ ಅಧಿನಿಯಮವನ್ನೇ ಮಾಡಿತು. ಅಧಿಸೂಚಿತ ಪ್ರದೇಶದಲ್ಲಿ ಬಾವಿ ತೋಡಲು ಅನುಮತಿ ಬೇಕು. ನೀರು ಕೆಳಗಿಳಿಯಲು ಬೇಡ.

ಈ ಭಯಕ್ಕೆಲ್ಲ ಅಪವಾದ ಒಂದೇ, ಹಲ್ಲಿ. ಬೀಗ ಹಾಕಿದ ಪೆಟ್ಟಿಗೆಗೆ ವೈರಿನ ತೂತಿನಿಂದ ನುಸುಳಿ, ಕಾಂಟ್ಯಾಕ್ಟರಿನ ನಡುವೆ ಸಿಕ್ಕಿ ಸತ್ತು, ಮೋಟಾರನ್ನೂ ನಿಲ್ಲಿಸುತ್ತದೆ. ಅದರ ನಿಯಂತ್ರಣಕ್ಕೆ ಸದ್ಯ ಪೆಟ್ಟಿಗೆಯೊಳಗೆ ಎರಡು ನುಸಿಗುಳಿಗೆ ಇಡುವುದು ರೂಢಿ.