ನೊರೆಯ ಉತ್ಪತ್ತಿ, ಸ್ಥಿತಿ, ಲಯ: ಹೊರ ಬೆಂಗಳೂರಿನ ಸುಸ್ಥಿರ ಅಭಿವೃದ್ಧಿಯಲ್ಲಿ ವಿಶ್ವವಿದ್ಯಾಲಯಗಳ ಪಾತ್ರ ಕುರಿತ ಸಂಶೋಧನ ಪ್ರಬಂಧ

ಮಂಗಳಾಚರಣೆ. ಯಾರ ಅನುದಾನವಿಲ್ಲದೆ ಸೆಮಿನಾರಿಲ್ಲವೋ, ಯಾರ ಅಂಕವಿಲ್ಲದೆ ಪ್ರಮೋಷನ್ ಇಲ್ಲವೋ ಆ ಆಯೋಗಗಳಿಗೂ, ನಾಗರಭಾವಿಯಲ್ಲಿ ನೆಲೆಸಿ ದೇಶದ ಕಾಲೇಜುಗಳಿಗೆ ಮಾನ್ಯತೆ ಕರುಣಿಸುವ ನ್ಯಾಕ್‌ಗೂ ನಮಿಸಿ ಈ ಪ್ರಬಂಧಕ್ಕೆ ಕೈ ಹಾಕಿದ್ದೇನೆ.

ಮೊದಲು ಲಕ್ಷಣ ನಿರೂಪಣೆ. 1987ರ ಬ್ರಂಟ್‌ಲ್ಯಾಂಡ್ ವರದಿಯ ಪ್ರಕಾರ, ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ತಾರದೆ ಇಂದಿನ ಅಗತ್ಯವನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ. ನಮ್ಮ ವಿಶ್ವವಿದ್ಯಾಲಯಗಳು ಇದನ್ನು ಚಾಚೂ ತಪ್ಪದೆ ಪಾಲಿಸಿವೆ. ಇಂದಿನ ಸಂಶೋಧಕನ ಪಿಎಚ್‌ಡಿ ಮುಗಿಯಬೇಕು. ಮುಂದಿನ ಪೀಳಿಗೆಯ ಸಂಶೋಧಕನಿಗೂ ಅದೇ ಸಮಸ್ಯೆ ಮುಕ್ಕಾಗದೆ ಉಳಿದಿರಬೇಕು. ಕೆರೆಯನ್ನು ಸರಿಮಾಡಿಬಿಟ್ಟರೆ ನಾಳೆಯ ಮಕ್ಕಳು ಯಾವುದರ ಮೇಲೆ ಥೀಸಿಸ್ ಬರೆಯಬೇಕು?

ಅಧ್ಯಯನದ ವ್ಯಾಪ್ತಿ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್. ಎಲೆಕ್ಟ್ರಾನಿಕ್ ಸಿಟಿಯನ್ನು 1978ರಲ್ಲಿ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕಿಯೋನಿಕ್ಸ್ 332 ಎಕರೆಯಲ್ಲಿ ಶುರು ಮಾಡಿತು. ಅದರ ಬಗ್ಗೆ ಇಷ್ಟು ಸಾಕು. ಸಿಲ್ಕ್ ಬೋರ್ಡ್ ದಾಟಿ ಹೋಗುವಷ್ಟರಲ್ಲಿ ಕ್ಷೇತ್ರಕಾರ್ಯದ ಅವಧಿಯೇ ಮುಗಿದಿತ್ತು.

ಪೀಣ್ಯದಲ್ಲಿ ಕ್ಷೇತ್ರಕಾರ್ಯಕ್ಕೆ ಇಂಡಸ್ಟ್ರಿಯಲ್ ವಿಸಿಟ್ ಎನ್ನುತ್ತಾರೆ. ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನ ಮುಂದೆ ಕಾಲೇಜು ಬಸ್ಸು ನಿಲ್ಲುತ್ತದೆ. ಕ್ರೋಮಿಯಂ ತೊಟ್ಟಿಯಲ್ಲಿ ಮುಳುಗಿ ಥಳಥಳನೆ ಮೇಲೆದ್ದ ನಲ್ಲಿಯನ್ನು ಮಕ್ಕಳು ಬೆರಗಾಗಿ ನೋಡುತ್ತಾರೆ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಸಾರ್ ಎಂದು ಹಿಂದೆ ನಿಂತ ಹುಡುಗಿಯೊಬ್ಬಳು ಕೇಳುತ್ತಾಳೆ. ‘ಅದು ಸಿವಿಲ್‌ನವರ ವಿಷಯ ಕಣಮ್ಮ, ನಾವು ಮೆಕ್ಯಾನಿಕಲ್’ ಎನ್ನುತ್ತಾರೆ ಮೇಷ್ಟ್ರು. ಗ್ರೂಪ್ ಫೋಟೋ, ಬೋಂಡಾ, ವಾಪಸು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಪರೀಕ್ಷೆಗಳಲ್ಲಿ ಸಾಬೀತಾಗಿದೆ. ಅದಕ್ಕೆ ಮಾತ್ರ ಡಿಪಾರ್ಟ್‌ಮೆಂಟುಗಳ ಗಡಿ ಗೊತ್ತಿಲ್ಲ.

ಆ ಕಡೆಯ ಕೊಳಚೆ ಹೊತ್ತ ವೃಷಭಾವತಿ, 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ಮಗ್ಗುಲಲ್ಲೇ ಸಾಗಿ, ಬೈರಮಂಗಲ ಕೆರೆಗೆ ಬಿದ್ದು, ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತಾಳೆ. ಒಂದು ದಿನವೂ ಹಾಜರಾತಿ ತಪ್ಪಿಸದ ವಿದ್ಯಾರ್ಥಿನಿ ಇವಳೊಬ್ಬಳೇ. ಇನ್ನೂ ಪಾಸಾಗಿಲ್ಲ.

ಈಗ ಪ್ರಧಾನ ಸಿದ್ಧಾಂತ. ವೈಟ್‌ಫೀಲ್ಡ್ ಕಡೆಯ, ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ 2015ರಲ್ಲಿ ಹೊತ್ತಿ ಉರಿಯಿತು, 2017ರಲ್ಲಿ ಮತ್ತೆ ಉರಿಯಿತು, 2018ರ ಜನವರಿಯಲ್ಲಿ ಆರಿಸುವುದಕ್ಕೆ ಸೇನೆಯ ಜವಾನರೇ ಬರಬೇಕಾಯಿತು. ನೀರಿನಲ್ಲಿ ಬೆಂಕಿ ಎಂದರೆ ಪುರಾಣಿಕರು ಬಡಬಾಗ್ನಿ ಎಂದು ಕೈ ಮುಗಿಯುತ್ತಿದ್ದರು. ವೈಟ್‌ಫೀಲ್ಡಿನವರು ಬೇರೆ ದಾರಿ ಇದೆಯೇ ಎಂದು ಮೊಬೈಲ್ ನೋಡಿದರು. ನೊರೆ ಏಳುವುದು ಹೇಗೆಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಬಿಡಿಸಿ ಹೇಳಿದ್ದಾರೆ. ಸಂಸ್ಕರಿಸದ ಕೊಳಚೆ ಕೆರೆ ದಾಟಲು 10ರಿಂದ 15 ದಿನ ಬೇಕು. ಅಷ್ಟರಲ್ಲಿ ಅದರೊಳಗಿನ ಒಂದಷ್ಟು ಕಶ್ಮಲ ಕೊಳೆತು ತಳದಲ್ಲಿ ಹೂಳಾಗುತ್ತದೆ. ಸೋಪಿನ ಪುಡಿಯ ರಾಸಾಯನಿಕ ಕೊಳೆಯದೆ ಆ ಹೂಳಿಗೆ ಅಂಟಿಕೊಂಡು, ಕೆಲವೊಮ್ಮೆ ಮೂಲದ 200 ಪಟ್ಟು ಸಾಂದ್ರವಾಗುತ್ತದೆ. ಜೋರು ಮಳೆಗೆ ಹೂಳು ಕದಡಿ, ನೀರು ಕೋಡಿಯಲ್ಲಿ 25 ಅಡಿ ಧುಮುಕಿದಾಗ ಗಾಳಿ ಸೇರಿತೋ, ನೊರೆ ರಸ್ತೆಗೆ ಬಂತೆಂದೇ ಲೆಕ್ಕ.

ವಿಶ್ವವಿದ್ಯಾಲಯದ ಜ್ಞಾನವೂ ಯಥಾವತ್ ಹೀಗೆಯೇ ಎಂಬುದು ಈ ಪ್ರಬಂಧದ ಪ್ರತಿಪಾದನೆ. ವರ್ಷವಿಡೀ ಪ್ರಾಜೆಕ್ಟ್ ರಿಪೋರ್ಟುಗಳು ಹರಿದು ಬಂದು ಲೈಬ್ರರಿಯ ನೆಲಮಾಳಿಗೆಯಲ್ಲಿ ಹೂಳಾಗುತ್ತವೆ. ಅದರೊಳಗಿನ ನಾಲ್ಕು ಒಳ್ಳೆಯ ಮಾತು ಕೊಳೆಯುವುದಿಲ್ಲ, ಹೊರಗೂ ಬರುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ನ್ಯಾಕ್ ತಂಡವೆಂಬ ಮಳೆ. ಆಗ ಸರ್ವವೂ ಕದಡಿ, ವೇದಿಕೆಯಿಂದ ಧುಮುಕಿ, ಸಭಾಂಗಣದ ತುಂಬ ನೊರೆ: ಗ್ರೀನ್ ಆಡಿಟ್, ಬೆಸ್ಟ್ ಪ್ರಾಕ್ಟೀಸ್, ವಿಶ್ವಸಂಸ್ಥೆಯ 17 ಗುರಿಗಳ ಬಣ್ಣದ ಚಕ್ರ. ನೊರೆ ನಿಲ್ಲುವುದಕ್ಕೆ ಜಿಯೋಟ್ಯಾಗ್ ಫೋಟೋ ಅತ್ಯವಶ್ಯ. ಒಂದು ಸಸಿ, ಅದಕ್ಕೆ ಕೈ ತಾಗಿಸಿ ಕ್ಯಾಮೆರಾ ನೋಡುವ ಡೀನ್‌ಗಳು, ಕೆಳಗೆ ಅಕ್ಷಾಂಶ ರೇಖಾಂಶ. ಬೇಸಿಗೆಯಲ್ಲಿ ಸಸಿ ಒಣಗುತ್ತದೆ. ಅಕ್ಷಾಂಶಕ್ಕೆ ನೀರು ಬೇಕಿಲ್ಲ.

ಪೂರ್ವಪಕ್ಷ: ಪರಿಸರ ಪಾಠ ಹೇಳಿಕೊಡುತ್ತಿಲ್ಲವೇ? ಉಂಟು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದದ್ದು 1991ರಲ್ಲಿ. ಪದವಿ ತರಗತಿಗೆ ಯುಜಿಸಿಯ ಪಠ್ಯ ಸಿದ್ಧವಾಗುವ ಹೊತ್ತಿಗೆ ಹನ್ನೆರಡು ವರ್ಷ ಸಂದಿತ್ತು. ಸುಸ್ಥಿರ ಎಂದ ಮೇಲೆ ಅವಸರ ಸಲ್ಲದು. ಆ ಪೇಪರ್ ಪಾಸಾದ ಎಷ್ಟೋ ಎಂಜಿನಿಯರುಗಳು ಈಗ ‘ಲೇಕ್ ವ್ಯೂ’ ಫ್ಲಾಟಿನ ಕಿಟಕಿ ಮುಚ್ಚಿಕೊಂಡು ಬಾಳುತ್ತಿದ್ದಾರೆ.

ವೈಟ್‌ಫೀಲ್ಡಿನ ಭೂಜಲಶಾಸ್ತ್ರದಲ್ಲಿ ಪ್ರಮಾಣಪುರುಷ ಟ್ಯಾಂಕರ್ ಚಾಲಕ. ಯಾವ ಬೋರ್‌ವೆಲ್ ಯಾವ ತಿಂಗಳು ಕೈಕೊಡುತ್ತದೆ ಎಂಬುದು ಅವನಿಗೆ ಬಾಯಿಪಾಠ. 2024ರ ಮಾರ್ಚ್‌ನಲ್ಲಿ ಅವನ ಫೀಸು ಏರಿದ ಪರಿಗೆ ಜಿಲ್ಲಾಡಳಿತವೇ ಮಧ್ಯೆ ಬಂದು, 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ ಎಂದು ಗೊತ್ತುಮಾಡಿತು. ಯಾವ ಪ್ರೊಫೆಸರರ ಉಪನ್ಯಾಸಕ್ಕೂ ಸರ್ಕಾರ ಹಾಗೆ ಬೆದರಿದ್ದಿಲ್ಲ.

ನನ್ನ ಸಿದ್ಧಾಂತಕ್ಕೆ ಒಂದು ಕಿರಿಕಿರಿಯ ಅಪವಾದವುಂಟು. 1974ರಲ್ಲಿ ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಎಂಬ ವಿದ್ಯುತ್ ರಸಾಯನಶಾಸ್ತ್ರಜ್ಞರು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋಗಿ, ಊರಿನಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ಹೊರುತ್ತಾರೆ ಎಂದು ಲೆಕ್ಕ ಹಾಕಿಸಿದರು. ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಅಸ್ತ್ರ ಒಲೆ ಅಲ್ಲಿಂದ ಸಾವಿರಾರು ಅಡಿಗೆಮನೆಗೆ ನಡೆಯಿತು. ವಿದ್ವತ್ತಿನ ದೃಷ್ಟಿಯಿಂದ ಇದು ದುರ್ಬಲ ಕೃತಿ: ಹೆಂಗಸರು ಅದನ್ನು ಎಲ್ಲೂ ಉಲ್ಲೇಖಿಸಲಿಲ್ಲ, ಅದರ ಮೇಲೆ ಮುದ್ದೆ ಬೇಯಿಸಿದರು. ಬೆಳ್ಳಂದೂರಿನ ನೊರೆಯನ್ನು ಸೋಸಿ ನೋಡಿದ್ದೂ ಅದೇ ‘ಅಸ್ತ್ರ’ದ ಇಂದಿನ ರೂಪವಾದ ಸುಸ್ಥಿರ ತಂತ್ರಜ್ಞಾನ ಕೇಂದ್ರ ಎಂಬುದು ಗಾಯದ ಮೇಲೆ ಉಪ್ಪು. ಇಂಥ ದತ್ತಾಂಶವನ್ನು ಕೈಬಿಡುವುದು ಸಂಶೋಧನೆಯ ವಾಡಿಕೆ. ಕೈಬಿಟ್ಟಿದ್ದೇನೆ.

ಉಪಸಂಹಾರದಲ್ಲಿ ಹೆಚ್ಚಿನ ಸಂಶೋಧನೆ ಅಗತ್ಯ ಎಂದು ಬರೆಯುವುದು ಸಂಪ್ರದಾಯ. ಅನುದಾನ ಬಂದರೆ ಬರೆಯುತ್ತೇನೆ. ಸದ್ಯಕ್ಕೆ, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಹೂಳೆತ್ತಲು ಬಿಡಿಎ ಟೆಂಡರ್ ಕರೆದು ಕೆಲಸಕ್ಕೆ ಇಳಿದಿದೆ. ಲೈಬ್ರರಿಯ ನೆಲಮಾಳಿಗೆಗೆ ಯಾರೂ ಟೆಂಡರ್ ಕರೆದಿಲ್ಲ.