ಅಧ್ಯಕ್ಷ ಅಭ್ಯರ್ಥಿಯ ಅರ್ಹತೆ: ಕೈಗೆ ಮಸಿ ಹತ್ತದಂತೆ ಪರಿಶೀಲಿಸುವ ವಿಧಾನ

ಅಮೆರಿಕದ ಒಂದು ರಾಜ್ಯಕ್ಕೆ ನೀವು ಕಾರ್ಯದರ್ಶಿಯಾಗಿದ್ದೀರಿ, ಮತಪತ್ರ ಅಚ್ಚಿಗೆ ಹೋಗಬೇಕು ಎಂದುಕೊಳ್ಳಿ. ಗಾಬರಿ ಬೇಡ. ಮೊದಲು ಸಂವಿಧಾನದ ಎರಡನೇ ವಿಧಿ ತೆಗೆಯಿರಿ. ಅಧ್ಯಕ್ಷರಾಗುವವರು ಹುಟ್ಟಿನಿಂದಲೇ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ದೇಶದಲ್ಲಿ ವಾಸವಿರಬೇಕು. ಅಭ್ಯರ್ಥಿಯನ್ನು ಪರೀಕ್ಷಿಸುವವರು ಯಾರೆಂದು ಅಲ್ಲಿ ಬರೆದಿಲ್ಲ. ಆ ಖಾಲಿ ಜಾಗದಲ್ಲೇ ಕುರ್ಚಿ ಹಾಕಿಕೊಳ್ಳಿ.

ಒಂದು ನಮೂನೆ ಮಾಡಿಸಿ. 'ನಾನು ಅರ್ಹ' ಎಂಬ ಸಾಲಿನ ಕೆಳಗೆ ಅಭ್ಯರ್ಥಿಯಿಂದಲೇ ಸಹಿ ಹಾಕಿಸಿ. ಪರಿಶೀಲನೆ ಮುಗಿಯಿತು.

ಬಂದವರ ಬೆನ್ನಿಗೆ ಯಾರಿದ್ದಾರೆ ನೋಡಿ. ದೊಡ್ಡ ಪಕ್ಷವಿದ್ದರೆ 'ಪಕ್ಷ ಕಳಿಸಿತು, ನಾವು ಅಚ್ಚು ಹಾಕಿದೆವು' ಅನ್ನಿ. ಯಾರೂ ಇಲ್ಲದಿದ್ದರೆ ಸಂವಿಧಾನವನ್ನು ಗಟ್ಟಿಯಾಗಿ ಓದಿ. 2012ರಲ್ಲಿ 27ರ ಹರೆಯದ ಪೆಟಾ ಲಿಂಡ್ಸೆ ಹೆಸರನ್ನು ಕ್ಯಾಲಿಫೋರ್ನಿಯಾ ಕೈಬಿಟ್ಟಿತು. ಗಯಾನಾದಲ್ಲಿ ಹುಟ್ಟಿದ ಅಬ್ದುಲ್ ಹಸನ್‌ಗೆ ಕೊಲರಾಡೊ ಬಾಗಿಲು ಹಾಕಿತು. ಎರಡೂ ರಾಜ್ಯಗಳು ಕೋರ್ಟಿನಲ್ಲಿ ಗೆದ್ದವು. ಇಬ್ಬರೂ ವಯಸ್ಸನ್ನಾಗಲಿ ಹುಟ್ಟೂರನ್ನಾಗಲಿ ಮುಚ್ಚಿಟ್ಟಿರಲಿಲ್ಲ. ಒಪ್ಪಿಕೊಳ್ಳುವವರನ್ನೇ ಹಿಡಿಯಿರಿ, ತನಿಖೆಯ ಶ್ರಮ ಉಳಿಯುತ್ತದೆ.

ನೆರೆರಾಜ್ಯಕ್ಕೂ ನಿಮಗೂ ತಾಳೆಯಾಗಬೇಕೆಂಬ ಚಿಂತೆ ಬಿಡಿ. 2008ರಲ್ಲಿ ಸೋಷಲಿಸ್ಟ್ ವರ್ಕರ್ಸ್ ಪಕ್ಷದ ರೋಜರ್ ಕಲೇರೊ ನಿಕರಾಗುವಾದವರು, ಗ್ರೀನ್ ಕಾರ್ಡ್‌ನವರು. ಕೆಲವು ರಾಜ್ಯಗಳು ಅವರ ಹೆಸರನ್ನೇ ಅಚ್ಚು ಹಾಕಿದವು. ಬೇರೆ ಕೆಲವೆಡೆ ಪಕ್ಷ ಜೇಮ್ಸ್ ಹ್ಯಾರಿಸ್‌ರನ್ನು ನಿಲ್ಲಿಸಿತು. ಒಂದೇ ಹುದ್ದೆ, ಒಂದೇ ಪಕ್ಷ, ಗಡಿ ದಾಟಿದರೆ ಬೇರೆ ಅಭ್ಯರ್ಥಿ.

ಕಾಗದ ಕೇಳಲೇಬೇಕೆಂಬ ಹಟವಿದ್ದರೆ ಅರಿಜೋನಾವನ್ನು ಗುರುವಾಗಿ ಸ್ವೀಕರಿಸಿ. ಅಲ್ಲಿನ ಶಾಸಕರು 2011ರಲ್ಲಿ ಪಾಸು ಮಾಡಿದ ಮಸೂದೆಯಲ್ಲಿ, ಜನನ ಪ್ರಮಾಣಪತ್ರಕ್ಕೆ ಬದಲಾಗಿ ಕೊಡಬಹುದಾದ ದಾಖಲೆಗಳ ಪೈಕಿ ದೀಕ್ಷಾಸ್ನಾನದ ಪತ್ರವೂ ಇತ್ತು, ಸುನ್ನತಿಯ ಪತ್ರವೂ ಇತ್ತು. ಸ್ವಪಕ್ಷದವರದೇ ಮಸೂದೆಗೆ ಗವರ್ನರ್ ಜ್ಯಾನ್ ಬ್ರೂಯರ್ ವೀಟೊ ಹಾಕಿದರು. ಹೀಗಾಗಿ ಎರಡನೆಯ ಪತ್ರವನ್ನು ಗುಮಾಸ್ತರು ಯಾವುದರ ಜೊತೆ ತಾಳೆ ನೋಡಬೇಕೆಂಬ ವಿವರಕ್ಕೆ ಕಾಲ ಕೂಡಿಬರಲಿಲ್ಲ. ನೀವು ಎದೆಗುಂದಬೇಡಿ, ಪತ್ರ ಬರೆಯಿರಿ. ಮರುವರ್ಷ ಅಲ್ಲಿನ ಕಾರ್ಯದರ್ಶಿ ಕೆನ್ ಬೆನೆಟ್, ಒಬಾಮಾ ನಿಜಕ್ಕೂ ನಿಮ್ಮಲ್ಲಿ ಹುಟ್ಟಿದ್ದಾರಾ ಎಂದು ಹವಾಯಿಯನ್ನು ಕೇಳಿದರು. ಹವಾಯಿ ಹೌದೆಂದಿತು. ಅಷ್ಟರಲ್ಲಿ ಒಬಾಮಾ ಮೂರು ವರ್ಷ ದೇಶ ಆಳಿಯಾಗಿತ್ತು.

ಇನ್ನು, ದಂಗೆಯಲ್ಲಿ ತೊಡಗಿದವರು ಹುದ್ದೆಗೆ ಅನರ್ಹರೆಂದು 14ನೇ ತಿದ್ದುಪಡಿ ಹಿಡಿದು ಯಾರಾದರೂ ಬಂದರೆ ರಜೆ ಹಾಕಿ. ಕೊಲರಾಡೊದ ಕೋರ್ಟು, ಮೇನ್‌ನ ಕಾರ್ಯದರ್ಶಿ ಅದೇ ಆಧಾರದಲ್ಲಿ ಟ್ರಂಪ್ ಹೆಸರು ತೆಗೆಯಹೊರಟರು. ಇದು ರಾಜ್ಯಗಳ ಕೆಲಸವಲ್ಲವೆಂದು ಸುಪ್ರೀಂ ಕೋರ್ಟು 2024ರ ಮಾರ್ಚ್ 4ರಂದು ಹೇಳಿತು. ಆ ತೀರ್ಪನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು, ಏನು ಕೇಳಿದರೂ ಅದರತ್ತ ಬೆರಳು ತೋರಿಸಿ. ವಯಸ್ಸಿನ ಪ್ರಶ್ನೆಗೂ ತೋರಿಸಿ. ಬಗ್ಗಿ ಓದುವವರು ಕಡಿಮೆ.