ಪೂರ್ವಾನುಭವ ಮೀಮಾಂಸೆ

ವಿಷಯ: ವೈದ್ಯವಿದ್ಯಾರ್ಥಿಗೆ ಹಿಂದೆ ಬೇರೆ ಕೆಲಸ ಮಾಡಿದ ಅನುಭವ ಉಪಕಾರಕವೋ, ಅಲ್ಲವೋ? ಉಪಕಾರಕವೇ ಎಂದು ಸುಶ್ರುತನ ಮತ. ಸೂತ್ರಸ್ಥಾನದ 9ನೇ ಅಧ್ಯಾಯದಲ್ಲಿ ಆತ, ರೋಗಿಯ ಮೈ ಮುಟ್ಟುವ ಮೊದಲು ಶಿಷ್ಯನ ಕೈ ಪಳಗಲೆಂದು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳನ್ನು ಕೊಯ್ಯಿಸುತ್ತಾನೆ. ಇದರಿಂದ ಮದುವೆಮನೆಯ ಅಡಿಗೆಭಟ್ಟರಿಗೆ ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶ ಸಿದ್ಧಿಸುತ್ತದೆಂದು ಕೆಲವರು ವಾದಿಸುವರು. ಅದು ಅಸಾಧು. ಕುಂಬಳಕಾಯಿಗೆ ಭಾವಮೈದುನನಿಲ್ಲ, ಹೆಚ್ಚುವಾಗ ಅವನು ಬಂದು "ಡಾಕ್ಟ್ರೇ, ಇನ್ನೂ ಎಷ್ಟೊತ್ತು? ನಮ್ಮ ಎಮ್ಮೆಲ್ಲೆ ಲೈನಲ್ಲಿದ್ದಾರೆ" ಅನ್ನುವುದಿಲ್ಲ.

ಲಂಡನ್ನಿನಲ್ಲಿ 1540ರಿಂದ 1745ರವರೆಗೆ ಕ್ಷೌರಿಕರಿಗೂ ಶಸ್ತ್ರವೈದ್ಯರಿಗೂ ಒಂದೇ ಸಂಘವಿತ್ತು. ಬೇರೆಯಾದದ್ದರಿಂದ ನಷ್ಟ ಯಾರಿಗೆ ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಹೊರಗು. (ಕ್ಷೌರಿಕರು ಈಗಲೂ ಅಪಾಯಿಂಟ್‌ಮೆಂಟ್ ಇಲ್ಲದೆ ನೋಡುತ್ತಾರೆ.)

ಪೂರ್ವಪಕ್ಷ: ಅನುಭವವೇಕೆ, ನೀಟ್ ಸಾಲದೆ? ಇದು ಲಾಂಗ್ ಟರ್ಮ್ ಸಂಪ್ರದಾಯದವರ ಪ್ರಶ್ನೆ. ಯುಕ್ತಿ ಗಟ್ಟಿಯಾಗಿಯೇ ಇದೆ. 180 ಪ್ರಶ್ನೆ, 180 ನಿಮಿಷ. ಸೋಮವಾರದ ಸರ್ಕಾರಿ ಓಪಿಡಿಯಲ್ಲಿ ರೋಗಿಗೆ ಸಿಗುವುದೂ ಹೆಚ್ಚುಕಡಿಮೆ ಅದೇ ಒಂದು ನಿಮಿಷ. ಆದರೆ ರೋಗಿ ನಾಲ್ಕು ಆಯ್ಕೆ ಕೊಡುವುದಿಲ್ಲ. "ಮೈಯೆಲ್ಲ ಒಂಥರಾ ಸಾರ್" ಅನ್ನುತ್ತಾನೆ. 720ಕ್ಕೆ 720 ತಂದ ಹುಡುಗನೂ ಅಲ್ಲಿ ಆಯ್ಕೆ ಹುಡುಕುತ್ತ ನಿಲ್ಲುತ್ತಾನೆ.

ಸಿದ್ಧಾಂತ: ಕೆಂಪು ಬಸ್ಸಿನ ಕಂಡಕ್ಟರನೇ ಪರಮ ಅಧಿಕಾರಿ. ಹೇಗೆಂದರೆ, "ಎಲ್ಲಿಗಜ್ಜಿ?" ಎಂದರೆ "ಮಗಳ ಮನೆಗಪ್ಪ" ಎಂದು ಉತ್ತರ. ಶಕ್ತಿ ಯೋಜನೆಯ ಸೊನ್ನೆ ಟಿಕೆಟಿಗೂ ಸ್ಟೇಜು ಬೇಕೇ ಬೇಕು. ಅಳಿಯನ ಹೆಸರು, ಊರ ಜಾತ್ರೆ, ಪಕ್ಕದ ಆಲದಮರ ಎಲ್ಲ ವಿಚಾರಿಸಿ ಆತ ಸ್ಟೇಜು ಹಿಡಿಯುತ್ತಾನೆ. ಹಿಸ್ಟರಿ ತೆಗೆಯುವುದೆಂದರೆ ಇದೇ. ಕಾಲೇಜು ಇದನ್ನು ನಾಲ್ಕೂವರೆ ವರ್ಷ ಕಲಿಸಿ, ಇಂಟರ್ನ್‌ಶಿಪ್ಪಿನ ಒಂದು ವರ್ಷ ಲ್ಯಾಬಿಗೆ ಸ್ಯಾಂಪಲ್ ಹೊರಿಸಿ ಮರೆಸುತ್ತದೆ. ನಿಂತೇ ಇರುವುದು, ಹೊತ್ತಿಗೆ ಊಟವಿಲ್ಲದಿರುವುದು, ಬೈಗುಳ ಇತ್ಯಾದಿ ಸ್ವತಃಸಿದ್ಧ. ಕೈಬರಹವೂ ಕೂಡಿಬರುತ್ತದೆ: ಟಿಕೆಟಿನ ಬೆನ್ನಿಗೆ ಬರೆದ ಚಿಲ್ಲರೆ ಬಾಕಿಯನ್ನು ಇನ್ನೊಬ್ಬ ಕಂಡಕ್ಟರನಷ್ಟೇ ಓದಬಲ್ಲ. 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಔಷಧಿಯ ಹೆಸರನ್ನು ಸ್ಫುಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವಿಧಿಸಿ ಈ ಅರ್ಹತೆಗೆ ಕುಂದು ತಂದಿತು. ಆ ವಿಧಿ ಆಚರಣೆಯಲ್ಲಿ ಬಾಧಿತವೆಂದು ಮೆಡಿಕಲ್ ಸ್ಟೋರಿನವರ ಭಾಷ್ಯ.

2022ರಲ್ಲಿ ನೀಟಿನ ಗರಿಷ್ಠ ವಯೋಮಿತಿ ಹೋಗಿದೆ. ಕಂಡಕ್ಟರ್ ಧಾರಾಳವಾಗಿ ಬರೆಯಬಹುದು. ತೊಡಕೆಂದರೆ ಭೌತಶಾಸ್ತ್ರ. ಚಾರ್ಮಾಡಿಯ ತಿರುವುಗಳಲ್ಲಿ ಕಂಬಿ ಹಿಡಿಯದೆ ನಿಂತು ಚಿಲ್ಲರೆ ಎಣಿಸಿದವನಿಗೆ ವೃತ್ತೀಯ ಚಲನೆ ಮೈಗತವಾಗಿದೆ, ಸೂತ್ರ ಬಾರದು. ಮೈನಸ್ ಒಂದು.